ಭಾವನ ಕೆಂಪು ಗೆರೆ

ನನ್ನ ಭಾವ ಈ ಜನ್ಮದಲ್ಲಿ ಒಂದು ಸೇತುವೆಯನ್ನೂ ಒಂದೇ ಸಲಕ್ಕೆ ದಾಟಿದವರಲ್ಲ. ನಂಬುವುದಿಲ್ಲವೇ? ಹುಣಸೂರಿನಿಂದ ನಮ್ಮೂರಿನ ಬಸ್ಸು ಹತ್ತಿ ಬನ್ನಿ. ಲಕ್ಷ್ಮಣತೀರ್ಥ ಹೊಳೆಯ ಹಳೇ ಸೇತುವೆಯ ಹತ್ತಿರ ಇಳಿಸುತ್ತಾರೆ. ಅಲ್ಲಿ ಎಪ್ಪತ್ತಾರು ವರ್ಷದ ಸಣಕಲು ಮನುಷ್ಯರೊಬ್ಬರು ತಡೆಗೋಡೆಗೆ ಕಿವಿ ಆನಿಸಿಕೊಂಡು ನಿಂತಿದ್ದರೆ ಅವರೇ ನಮ್ಮ ಅಕ್ಕನ ಯಜಮಾನರು. ದಯವಿಟ್ಟು ಮಾತಾಡಿಸಬೇಡಿ. "ಷ್!" ಎಂದು ಬೆರಳೆತ್ತುತ್ತಾರೆ. ಸೇತುವೆ ಏನೋ ಹೇಳುತ್ತಿರುತ್ತದೆ, ಅವರು ಕೇಳಿಸಿಕೊಳ್ಳುತ್ತಿರುತ್ತಾರೆ!

ನಾನು ನೀವು ಸೇತುವೆ ದಾಟುವುದಕ್ಕೆ ಎಷ್ಟು ಹೊತ್ತು ಬೇಕು? ಎರಡು ನಿಮಿಷ. ಭಾವನಿಗೆ ಮುಕ್ಕಾಲು ಗಂಟೆ. ನಡುವಿನವರೆಗೆ ಹೋಗುತ್ತಾರೆ, ಮಂಡಿಯೂರುತ್ತಾರೆ, ಚೀಲದಿಂದ ಪುಟ್ಟ ಸುತ್ತಿಗೆ ತೆಗೆದು ಟಕ್ ಟಕ್ ಎಂದು ಬಡಿಯುತ್ತಾರೆ. ಏನೋ ಅನುಮಾನ. ವಾಪಸ್ಸು ಬಂದು ಕೆಳಗಿಳಿದು ಕಂಬಗಳನ್ನು ನೋಡುತ್ತಾರೆ. ಮತ್ತೆ ಮೇಲೆ ಬಂದು ಮತ್ತೆ ನಡುವಿನವರೆಗೆ. ಅಷ್ಟರಲ್ಲಿ ಆ ದಡದಲ್ಲಿ ಅವರಿಗಾಗಿ ಕಾಯುತ್ತಿದ್ದ ಬಸ್ಸು ಹೊರಟುಹೋಗಿರುತ್ತದೆ. ಮುಂದಿನ ಬಸ್ಸಿಗೆ ಎರಡು ಗಂಟೆ ಇದೆ ಎಂದು ಗೊತ್ತಾದರೆ ಬೇಸರವೇ? ಇಲ್ಲ! "ಒಳ್ಳೇದಾಯ್ತು ಬುಡು, ಆಚೆ ಮಗ್ಗುಲೂ ನೋಡ್ಬುಡ್ತೀನಿ" ಎನ್ನುತ್ತಾರೆ.

ಸರ್ಕಾರ ಅವರಿಗೆ ಕೊಟ್ಟಿದ್ದ ಕೆಲಸವೇ ಸೇತುವೆ ನೋಡಿಕೊಳ್ಳುವುದು. ಕಾಗದದ ಮೇಲೆ ವರ್ಕ್ ಇನ್ಸ್‌ಪೆಕ್ಟರ್. ಬೆಟ್ಟದಪುರದ ಕಡೆಯಿಂದ ಗುರುಪುರದ ಕಡೆಯವರೆಗೆ ಎಷ್ಟು ಸೇತುವೆಯೋ ಎಷ್ಟು ಮೋರಿಯೋ ಎಲ್ಲಕ್ಕೂ ಅವರೇ. ಅವರ ಜೊತೆಯವರೂ ಇದೇ ಕೆಲಸ ಮಾಡಿದರು. ವರ್ಷಕ್ಕೊಮ್ಮೆ ಹೋಗಿ "ಸುಸ್ಥಿತಿಯಲ್ಲಿದೆ" ಎಂದು ಬರೆದು ಟೀ ಕುಡಿದು ಬಂದರು, ಸುಖವಾಗಿ ರಿಟೈರ್ ಆದರು. ನಮ್ಮ ಭಾವ ಮಾತ್ರ ಸುತ್ತಿಗೆ, ಟೇಪು, ಸೀಟಿ, ಕೆಂಪು ಬಾವುಟ, ಮಡಚುವ ಕಬ್ಬಿಣದ ಸ್ಟೂಲು ಇಷ್ಟನ್ನೂ ಹೊತ್ತುಕೊಂಡು ಓಡಾಡಿದರು. ಆ ಸ್ಟೂಲನ್ನು ನೆನಪಿನಲ್ಲಿಟ್ಟುಕೊಳ್ಳಿ. ನನ್ನ ಜೀವ ಉಳಿದಿದ್ದು ಅದರಿಂದ. ಅದನ್ನು ಹೇಳುವುದಕ್ಕೇ ಈ ವಯಸ್ಸಿನಲ್ಲಿ ಪೆನ್ನು ಹಿಡಿದು ಕುಳಿತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಬದುಕಿದ್ದು ಹೊಗೆಸೊಪ್ಪು ಬೆಳೆದು. ಬರವಣಿಗೆಯಲ್ಲಿ ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು ನನ್ನ ಮದುವೆಯ ಕಥೆ ಹೇಳಬೇಕು. ಹೆಣ್ಣು ಕೆ.ಆರ್.ನಗರದ ಕಡೆಯವಳು. ಮದುವೆ ಮುಗಿಸಿ ಅವಳನ್ನು ನಮ್ಮೂರಿಗೆ ಕರೆತರುವಾಗ ಹೊಳೆಯ ಆ ದಡದಲ್ಲೇ ಎಲ್ಲರೂ ಇಳಿದು, ವಾಲಗ, ಬ್ಯಾಂಡ್‌ಸೆಟ್ಟು ಎಲ್ಲ ಸೇರಿಸಿಕೊಂಡು ಮೆರವಣಿಗೆ ಹೊರಟೆವು. ನೆಂಟರ ಗಂಡಸರೆಲ್ಲ ಕುಣಿಯುತ್ತಿದ್ದಾರೆ. ಸೇತುವೆಯ ಬಾಯಿಗೆ ಬಂದೆವೋ ಇಲ್ಲವೋ, ಪೀ...! ಸೀಟಿ! ರೇಷ್ಮೆ ಪಂಚೆ, ಪೇಟ, ಕೈಯಲ್ಲಿ ಕೆಂಪು ಬಾವುಟ. ಯಾರು? ಹೆಣ್ಣಿಗೆ ಅಣ್ಣನಾಗಬೇಕಾದ, ಗಂಡಿಗೆ ಭಾವನಾದ ನಮ್ಮವರೇ!

"ವಾಲಗ ನಿಲ್ಸಿ! ಕುಣಿತ ನಿಲ್ಸಿ! ಸೇತುವೆ ಮ್ಯಾಲೆ ಜನ ಒಂದೇ ತಾಳಕ್ಕೆ ಹೆಜ್ಜೆ ಆಕ್ಬಾರ್ದು. ಅದುರ್ತದೆ!"

"ಅಲ್ಲ ಕಣಪ್ಪ, ಮದ್ವೆ ಮೆರವಣಿಗೆ ಕಣಪ್ಪ ಇದು," ಎಂದರು ನಮ್ಮಪ್ಪ.

"ಮಾವ, ಸೇತುವೆಗೆ ಅದೆಲ್ಲ ಗೊತ್ತಾಗಾಕಿಲ್ಲ. ಒಬ್ಬೊಬ್ರೇ, ಹೆಜ್ಜೆ ತಪ್ಪಿಸ್ಕಂಡು ಬನ್ನಿ."

ಅಳಿಯನ ಮಾತಿಗೆ ಎದುರಾಡಲಾಗದೆ ಮೆರವಣಿಗೆ ಮೌನವಾಗಿ ತಲೆ ತಗ್ಗಿಸಿಕೊಂಡು ಒಬ್ಬರ ಹಿಂದೆ ಒಬ್ಬರು ಸೇತುವೆ ದಾಟಿತು. ನನ್ನ ಹೆಂಡತಿ ಸೆರಗಿನೊಳಗಿಂದ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದಳು: "ನಿಮ್ಮೂರಲ್ಲಿ ಯಾರಾದ್ರೂ ತೀರ್ಕಂಡವ್ರಾ?"

ಅವಳು ನನ್ನೊಡನೆ ಆಡಿದ ಮೊಟ್ಟಮೊದಲ ಮಾತು ಇದು!

ಇನ್ನು ಒಂದು ಕಾಲಂನ ಕಥೆ. ಇಲಾಖೆಯವರ ಒಂದು ನಮೂನೆ ಇತ್ತು. ಪ್ರತಿ ಸೇತುವೆಗೂ ಒಂದೊಂದು ತುಂಬಬೇಕು. ಅದರಲ್ಲಿ ಒಂದು ಪ್ರಶ್ನೆ: "ದೋಣಿ ಸಂಚಾರವಿರುವ ಹೊಳೆಯೇ? ಹೌದಾದರೆ ಸೇತುವೆಯ ಕೆಳಗೆ ದೋಣಿಗಾಗಿ ಬಿಟ್ಟಿರುವ ಎತ್ತರವೆಷ್ಟು?" ನಮ್ಮ ಹೊಳೆ ಬೇಸಿಗೆಯಲ್ಲಿ ಎಮ್ಮೆ ಮಲಗಿದರೆ ಬೆನ್ನು ಒಣಗಿರುವಷ್ಟು ನೀರಿನದು. ಹಾಗಾಗಿ ತಾಲ್ಲೂಕಿನಲ್ಲಿ ಎಲ್ಲರೂ "ಇಲ್ಲ" ಎಂದು ಬರೆದು ಕಳಿಸುತ್ತಿದ್ದರು. ಭಾವ ಮಾತ್ರ ಬರೆದರು: "ಉಂಟು. ಹರಿಗೋಲು ಒಂದು."

ಆ ಹರಿಗೋಲು ಮೀನು ಹಿಡಿಯುವ ಸಿದ್ದನದು. ಭಾವ ಅವನನ್ನು ಒಂದು ಇಡೀ ದಿನ ಸೇತುವೆಯ ಕೆಳಗೆ ನಿಲ್ಲಿಸಿ ಅಳೆದರು. ಸಿದ್ದ ಕುಳಿತರೆ ಇಷ್ಟು, ನಿಂತರೆ ಇಷ್ಟು, ಮಳೆಗೆ ತಲೆಯ ಮೇಲಿಂದ ಹೊದೆಯುವ ಗೊರಗ ಹಾಕಿಕೊಂಡು ನಿಂತರೆ ಇಷ್ಟು, ಜಲ್ಲೆ ಎತ್ತಿ ಹಿಡಿದರೆ ಇಷ್ಟು! ನಾಲ್ಕನ್ನೂ ಬರೆದು ಕಳಿಸಿದರು. ಸಾಹೇಬರು ಕರೆಸಿಕೊಂಡು ಕೇಳಿದರಂತೆ: "ಏನ್ರೀ, ನಿಮ್ಮ ಹೊಳೆಗೆ ಹಡಗು ಬರುತ್ತೇನ್ರೀ?"

"ಹಡಗು ಬರಲ್ಲ ಸಾರ್. ಆದ್ರೆ ಕಾಲಂ ಇದೆಯಲ್ಲ ಸಾರ್."

ನಗುವ ವಿಷಯ, ನಗಿ. ನನಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಅದೇ ವರ್ಷ ನಾನು ಈ ದಡದ ಪಂಪಿನಿಂದ ಆ ದಡದ ಜಮೀನಿಗೆ ಸೇತುವೆಯ ಅಡಿಯಲ್ಲಿ ಪೈಪು ನೇತುಹಾಕಿಸಿದ್ದೆ. ಭಾವ ಬಂದರು, ನೋಡಿದರು, ಟೇಪು ಬಿಚ್ಚಿದರು.

"ಸಿದ್ದ ಗೊರಗ ಆಕ್ಕಂಡು ಬಂದ್ರೆ ತಲೆಗೆ ಒಡೀತದೆ. ತೆಗ್ಸು."

"ಬಾವ, ಸಿದ್ದ ಬಗ್ಗಿದ್ರೆ ಆಯ್ತಪ್ಪ! ಅವ್ನಿಗೇನು ಬೆನ್ನುಮೂಳೆ ಇಲ್ವಾ?"

"ಹೊಳೆ ಅವ್ನ ದಾರಿ ಕಣಯ್ಯ. ಅವ್ನ ದಾರೀಲಿ ಅವ್ನ್ಯಾಕೆ ಬಗ್ಗಬೇಕು?"

ಪೈಪು ತೆಗೆಸಿದರು. ನನ್ನ ಸ್ವಂತ ಭಾವ! ಸಿದ್ದ ಆಮೇಲೆ ನನ್ನನ್ನು ಕಂಡಾಗಲೆಲ್ಲ ಹರಿಗೋಲಿನಲ್ಲಿ ಎದ್ದು ನಿಂತು, ನೆಟ್ಟಗೆ, ಗೊರಗದ ಸಮೇತ ಸೇತುವೆಯ ಕೆಳಗೆ ಹಾದುಹೋಗುತ್ತಿದ್ದ. ಬಿಸಿಲಿದ್ದರೂ ಗೊರಗ!

ಊರಲ್ಲಿ ಅವರ ಮಾತನ್ನು ಮರುಮಾತಿಲ್ಲದೆ ಕೇಳಿದವರು ಯಾರೂ ಇಲ್ಲ. ಗುರುಪುರದ ಟಿಬೆಟಿಯನ್ ಕ್ಯಾಂಪಿನ ವಯಸ್ಸಾದ ಸನ್ಯಾಸಿಯೊಬ್ಬರು ಒಮ್ಮೆ ಜೋಳ ತುಂಬಿದ ಟೆಂಪೋದಲ್ಲಿ ಬಂದಿದ್ದಾಗ, ಭಾವ "ಭಾರ ಜಾಸ್ತಿ" ಎಂದಿದ್ದಕ್ಕೆ ಅವರು ಕೈಮುಗಿದು ಇಳಿದು ನಡೆದುಕೊಂಡೇ ದಾಟಿದರಂತೆ. ಒಬ್ಬ ಸನ್ಯಾಸಿ ಇಳಿದರೆ ಎಷ್ಟು ಭಾರ ಕಡಿಮೆಯಾದೀತು? ಆದರೂ ಭಾವ ಅದನ್ನು ಹತ್ತು ವರ್ಷ ಹೇಳಿಕೊಂಡು ತಿರುಗಿದರು. "ಜ್ಞಾನ ಇರೋರ್ಗೆ ಹೇಳ್ಬೇಕು ಕಣಯ್ಯ, ನಿಮ್ಗೇನು ಹೇಳಾದು!"

ಈಗ ಕೆಂಪು ಗೆರೆಗೆ ಬರುತ್ತೇನೆ. ತಡಮಾಡುತ್ತಿದ್ದೇನೆ ಎಂದು ನನಗೂ ಗೊತ್ತು.

ನಮ್ಮ ಸೇತುವೆ ತಗ್ಗು. ಮಳೆಗಾಲದಲ್ಲಿ ಕೊಡಗಿನ ಕಡೆ ಮಳೆ ಹಿಡಿದರೆ ನಮ್ಮ ಹೊಳೆ ಒಂದೇ ದಿನದಲ್ಲಿ ಏರುತ್ತದೆ. ಅದಕ್ಕೆಂದೇ ದಡದಿಂದ ಎರಡನೆಯ ಕಂಬದ ಮೇಲೆ, ದುಂಡನೆಯ ಕಂಬ ಅದು, ಇಲಾಖೆಯವರು ಒಂದು ಕೆಂಪು ಗೆರೆ ಎಳೆದಿದ್ದರು. ನೀರು ಆ ಗೆರೆ ಮುಟ್ಟಿದರೆ ಸರಪಣಿ ಕಟ್ಟಿ ಸೇತುವೆ ಮುಚ್ಚಬೇಕು. ಆ ಗೆರೆಯನ್ನು ವರ್ಷಾವರ್ಷ ಬಣ್ಣ ಬಳಿದು ಕಾಪಾಡುವುದು ಭಾವನ ಜವಾಬ್ದಾರಿ.

ನನ್ನ ಸೊಪ್ಪಿನ ಹೊಲ ಆ ದಡದಲ್ಲಿ, ಬ್ಯಾರನ್ ಈ ದಡದಲ್ಲಿ. ಬ್ಯಾರನ್ ಎಂದರೆ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ನೇತುಹಾಕಿ ಸೌದೆ ಉರಿಸಿ ಬೇಯಿಸುವ ಎತ್ತರದ ಮನೆ. ಸೊಪ್ಪು ಮುರಿದ ದಿನವೇ ಬ್ಯಾರನ್ನಿಗೆ ಏರಬೇಕು. ಇಲ್ಲದಿದ್ದರೆ ರಾಶಿಯಲ್ಲೇ ಕಾವು ಕೂತು ಕಪ್ಪಾಗುತ್ತದೆ. ಒಂದು ಜುಲೈನಲ್ಲಿ ಟ್ರ್ಯಾಕ್ಟರ್ ತುಂಬ ಸೊಪ್ಪು ಹೇರಿಕೊಂಡು ಬಂದರೆ ಭಾವ ಸರಪಣಿ ಕಟ್ಟಿ ನಿಂತಿದ್ದಾರೆ! ನೀರು ಗೆರೆಯನ್ನು ಹೌದೋ ಅಲ್ಲವೋ ಎನ್ನುವಂತೆ ನೆಕ್ಕುತ್ತಿದೆ, ಅಷ್ಟೇ.

"ಬಾವ, ಒಂದೇ ಒಂದು ಟ್ರಿಪ್ಪು."

"ಗೆರೆ ಮುಟ್ಟಾಯ್ತು ಕಣಯ್ಯ."

"ಅಲೆ ಬಂದಾಗ ಮುಟ್ತದೆ, ಅಲೆ ಹೋದಾಗ ಬುಡ್ತದೆ!"

"ಹಂಗಾರೆ ನೀನು ಅಲೆ ಹೋದಾಗ ದಾಟಿ, ಅಲೆ ಬಂದಾಗ ನಿಂತ್ಕತೀಯಾ?"

ಎರಡು ದಿನ ಸೇತುವೆ ಮುಚ್ಚಿತ್ತು. ಸುತ್ತುಹಾದಿಯ ಮಣ್ಣುರಸ್ತೆ ಕೆಸರಾಗಿ ಟ್ರ್ಯಾಕ್ಟರ್ ಹೂತುಕೊಂಡಿತು. ಟ್ರೈಲರಿನಲ್ಲಿದ್ದ ಸೊಪ್ಪೆಲ್ಲ ಕೊಳೆತು ಹೋಯಿತು. ಭಾವ ಬಂದು ಆ ರಾಶಿಯನ್ನು ನೋಡಿ ಏನಂದರು ಗೊತ್ತೇ? "ಸೇತುವೆಗೇನೂ ಆಗಿಲ್ಲ, ದೇವ್ರು ದೊಡ್ಡೋನು." ಸೇತುವೆಗೆ!

ನನ್ನ ಹೊಟ್ಟೆಯಲ್ಲಿ ಅವತ್ತು ಹತ್ತಿದ ಬೆಂಕಿಯಲ್ಲಿ ಎರಡು ಬ್ಯಾರನ್ ಸೊಪ್ಪು ಬೇಯಿಸಬಹುದಿತ್ತು.

ಮುಂದಿನ ವರ್ಷದ ಮೇ ತಿಂಗಳಲ್ಲಿ ಭಾವನಿಗೆ ಕಣ್ಣಿನ ಪೊರೆ ತೆಗೆಸಿದರು. ಕಪ್ಪು ಕನ್ನಡಕ ಹಾಕಿಕೊಂಡು ಒಂದು ತಿಂಗಳು ಮನೆಯಲ್ಲೇ ಇರಬೇಕೆಂದು ಡಾಕ್ಟರ ಅಪ್ಪಣೆ. ನಾನು ಹಣ್ಣು ತೆಗೆದುಕೊಂಡು ಹೋಗಿ ನೋಡಿಕೊಂಡು ಬಂದೆ. ಬರುವಾಗ ದಾರಿಯಲ್ಲಿ ಸೇತುವೆ ಕಂಡಿತು. ಹೊಳೆಯಲ್ಲಿ ಮೊಣಕಾಲುದ್ದ ನೀರು, ಮಧ್ಯಾಹ್ನದ ಉರಿಬಿಸಿಲು, ಸುತ್ತ ಒಂದು ನರಪಿಳ್ಳೆ ಇಲ್ಲ.

ಹೇಳಿಬಿಡುತ್ತೇನೆ. ಮನೆಗೆ ಹೋಗಿ ತಂತಿ ಬ್ರಷ್ಷು ತಂದೆ. ಕಂಬದ ಮೇಲಿನ ಗೆರೆಯನ್ನು ಉಜ್ಜಿ ಅಳಿಸಿದೆ. ಗುರುತು ಕಾಣದಂತೆ ಸಿಮೆಂಟಿನ ಹಾಲು ಬಳಿದೆ. ಸಂಕ್ರಾಂತಿಯಲ್ಲಿ ನಮ್ಮ ಎತ್ತುಗಳ ಕೊಂಬಿಗೆ ಬಳಿದು ಅರ್ಧ ಡಬ್ಬ ಕೆಂಪು ಪೇಂಟು ಉಳಿದಿತ್ತು. ಹಳೆಯ ಗೆರೆಯಿಂದ ಮೇಲಕ್ಕೆ ಒಂದು ಮೊಳ ಅಳೆದು ಹೊಸ ಗೆರೆ ಹಾಕಿದೆ. ಊರಲ್ಲಿ ಎತ್ತಿನ ಕೊಂಬಿಗೆ ನನ್ನಷ್ಟು ನೀಟಾಗಿ ಬಣ್ಣ ಬಳಿಯುವವರಿಲ್ಲ; ಕೈ ತಾನೇ ತಾನಾಗಿ ಸರಾಗವಾಗಿ ಓಡಿತು. ಬೀಡಿ ಸೇದಿ ಮುಗಿಸುವಷ್ಟು ಹೊತ್ತಿನ ಕೆಲಸ. ದಡಕ್ಕೆ ಬಂದು ತಿರುಗಿ ನೋಡಿದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತು! ನನಗೆ ಆವತ್ತು ಪಾಪಪ್ರಜ್ಞೆ ಇರಲಿಲ್ಲ, ಸುಳ್ಳೇಕೆ ಹೇಳಲಿ? ಖುಷಿಯಾಗಿತ್ತು.

ಮಳೆಗಾಲ ಬಂತು. ಭಾವ ಹೊಸ ಕಣ್ಣಿನಿಂದ ದಡದಲ್ಲಿ ನಿಂತು ಗೆರೆ ನೋಡಿದರು. "ಪರವಾಗಿಲ್ವೇ, ನಾನಿಲ್ದೆ ಇದ್ರೂ ನಮ್ಮ ಇಲಾಖೆ ಗ್ಯಾಂಗ್‌ನೋರು ಬಣ್ಣ ಬಳ್ದವ್ರೆ!" ಎಂದು ಹೆಮ್ಮೆಪಟ್ಟುಕೊಂಡರು. ನಾನು "ಊಂ" ಎಂದೆ.

ಆಗಸ್ಟ್‌ನಲ್ಲಿ ಹೊಳೆ ಏರಿತು. ನಾನು ಟ್ರೈಲರಿನ ತುಂಬ ಸೊಪ್ಪು, ಅದರ ಮೇಲೆ ಸೊಪ್ಪು ಮುರಿಯುವ ಹನ್ನೆರಡು ಜನ ಹೆಂಗಸರನ್ನು ಕೂರಿಸಿಕೊಂಡು ಆ ದಡದ ಸೇತುವೆ ಬಾಯಿಗೆ ಬಂದರೆ, ಇದೇನು ಗ್ರಹಚಾರ, ಸರಪಣಿ! ಭಾವ ತಡೆಗೋಡೆಗೆ ಕಿವಿ ಹಚ್ಚಿ ನಿಂತಿದ್ದಾರೆ.

"ಬಾವ! ಗೆರೆ ನೋಡಿ! ನೀರು ಇನ್ನೂ ಒಂದು ಗೇಣು ಕೆಳಗದೆ! ನಿಮ್ದೇ ಗೆರೆ, ನಿಮ್ದೇ ಕಾನೂನು!"

"ಹೌದು ಕಣಯ್ಯ, ಗೆರೆ ದಾಟ್ಬೋದು ಅಂತದೆ." ಅವರ ಮುಖದಲ್ಲಿ ನಿಜವಾದ ಗೊಂದಲವಿತ್ತು. "ಆದ್ರೆ ಒಳಗೆ ಗುಂಯ್ ಅಂತಾ ಅದೆ. ಹೋದ ವರ್ಷ ನೀರು ಗೆರೆ ಮುಟ್ದಾಗ್ಲೂ ಇಂಗೆ ಅನ್ಲಿಲ್ಲ."

ಎರಡೂ ದಡದಲ್ಲಿ ಗಾಡಿಗಳು ಸೇರಿದವು. ಬೈಗುಳ ಶುರುವಾಯಿತು. ಎಲ್ಲರಿಗಿಂತ ಜೋರಾಗಿ ಬೈದವನು ನಾನೇ. ಯಾರೋ ಫೋನು ಮಾಡಿ, ಹುಣಸೂರಿನಿಂದ ಸಾಹೇಬರು ಜೀಪಿನಲ್ಲಿ ಬಂದರು. ಗೆರೆ ನೋಡಿದರು.

"ಏನ್ರೀ ಇದು? ಗೆರೆ ಮುಟ್ಟಿಲ್ಲ, ಸೇತುವೆ ಮುಚ್ಚಿದ್ದೀರಿ?"

"ಸಾರ್, ಕಿವಿಗೆ ಗೊತ್ತಾಗ್ತಿದೆ ಸಾರ್."

"ನಿಮ್ಮ ಕಿವೀನ ಫೈಲಿಗೆ ಹಾಕಕ್ಕಾಗುತ್ತೇನ್ರೀ? ತೆಗೀರಿ ಸರಪಣಿ!"

ಜನ ಗೊಳ್ಳೆಂದು ನಕ್ಕರು. ಭಾವ ಸರಪಣಿ ತೆಗೆದರು, ಸಾಹೇಬರ ಮಾತಲ್ಲವೇ? ತೆಗೆದು, ಮಡಿಸಿ ಪಕ್ಕಕ್ಕಿಟ್ಟು, ಚೀಲದಿಂದ ಆ ಕಬ್ಬಿಣದ ಸ್ಟೂಲು ತೆಗೆದು, ಸರಿಯಾಗಿ ನನ್ನ ಟ್ರ್ಯಾಕ್ಟರಿನ ಮುಂದೆ ಹಾಕಿಕೊಂಡು ಕುಳಿತರು. ಕೊಡೆ ಬಿಚ್ಚಿದರು.

"ಏಳಿ ಬಾವ!"

"ನೀನು ಹೋಗಯ್ಯ, ನಾನೇನು ಸೇತುವೆ ಮುಚ್ಚಿಲ್ವಲ್ಲ. ಸರಪಣಿ ತೆಗ್ದಿವ್ನಿ. ಕಾಲು ನೋಯ್ತು, ಕುಂತಿವ್ನಿ."

ನಾನು ಸಿಟ್ಟಿಗೆ ಇಂಜಿನ್ನನ್ನು ಗುರ್ರೆನಿಸಿದೆ. ಇನ್ನೊಂದು ಮಾರು ಮುಂದೆ ಬಿಟ್ಟೆ. ಟ್ರ್ಯಾಕ್ಟರಿನ ಮುಂದಿನ ಗಾಲಿ ಅವರ ಮೊಣಕಾಲಿಗೆ ಒಂದು ಗೇಣು ದೂರ. ಅವರು ಕೊಡೆಯ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದರು. ಆಗ ಸೊಪ್ಪಿನ ರಾಶಿಯ ಮೇಲಿಂದ ದೇವೀರಮ್ಮ ಕೂಗಿದಳು: "ಗೌಡ್ರೇ, ನಿಮ್ಮ ಬಾವ ಕುಂತವ್ರೆ ಅಂದ್ಮೇಲೆ ಏಳಾಕಿಲ್ಲ ಬುಡಿ. ನಾವು ಇಳ್ಕತೀವಿ, ನಮ್ ಕಾಲು ಜೋಮಿಡದೆ." ಹನ್ನೆರಡು ಜನವೂ ಇಳಿದು ಮರದಡಿ ಕುಳಿತು ಎಲೆಅಡಿಕೆ ಹಾಕಿಕೊಂಡರು.

ಅವರು ಎಲೆ ಉಗುಳುವ ಮೊದಲೇ ಆ ಸದ್ದಾಯಿತು. ದೊಡ್ಡ ಸದ್ದೇನಲ್ಲ. ಮೂಟೆ ಜಾರಿ ಬಿದ್ದಂತೆ. ನಮ್ಮೂರ ಕಡೆಯ ದಡದಲ್ಲಿ ಸೇತುವೆಗೆ ಕೂಡಿದ ರಸ್ತೆಯ ಏರಿ ಕುಸಿಯಿತು. ಜೊತೆಗೆ ಹತ್ತು ಹದಿನೈದು ಮಾರು ತಡೆಗೋಡೆಯನ್ನೂ ಎಳೆದುಕೊಂಡು ಹೋಯಿತು. ಅಲ್ಲಿ ನಿಂತಿದ್ದವರು ಹಿಂದಕ್ಕೆ ಓಡಿ ಬಚಾವಾದರು. ನನ್ನ ಟ್ರ್ಯಾಕ್ಟರು ಹೊರಟಿದ್ದರೆ ಅಷ್ಟು ಹೊತ್ತಿಗೆ ಸರಿಯಾಗಿ ಅಲ್ಲಿರುತ್ತಿತ್ತು, ಹನ್ನೆರಡು ಹೆಂಗಸರ ಸಮೇತ.

ಭಾವ ಎದ್ದು ಸ್ಟೂಲು ಮಡಚಿ, ಸರಪಣಿ ಎತ್ತಿಕೊಂಡು ಹೋಗಿ ಮತ್ತೆ ಕಟ್ಟಿದರು.

ನೀವು ಅಂದುಕೊಳ್ಳುತ್ತೀರಿ, ಭಾವನಿಗೆ ಹಾರ ಹಾಕಿದರು ಎಂದು. ನೀರಿಳಿದ ಮೇಲೆ ಮೇಲಧಿಕಾರಿಗಳು ಬಂದರು. ಸರಪಣಿ ತೆಗೆಯಿರಿ ಎಂದವರು ಯಾರು ಎಂಬ ಪ್ರಶ್ನೆ ಎದ್ದಿತು. ಸಾಹೇಬರು ಗೆರೆ ತೋರಿಸಿದರು. ಗೆರೆ ಸರಿಯಾಗಿದೆಯೇ, ಅಳೆಯಿರಿ ಎಂದರು ಮೇಲಧಿಕಾರಿಗಳು. ಭಾವ ಗುಂಪಿನಲ್ಲಿ ನಿಂತಿದ್ದ ನನ್ನನ್ನೇ ಕರೆದರು. "ಬಾರಯ್ಯ, ಟೇಪಿನ ತುದಿ ಇಡ್ಕೊ." ನಾನು ಬಳಿದ ಗೆರೆಗೆ ನಾನೇ ಟೇಪಿನ ತುದಿ ಇಟ್ಟು ಹಿಡಿದುಕೊಂಡು ನಿಂತೆ! ಅಳತೆ ಕೂಗಿದರು. ಫೈಲಿನ ಲೆಕ್ಕಕ್ಕಿಂತ ಗೆರೆ ಒಂದೂವರೆ ಅಡಿ ಮೇಲಿದೆ. ಭಾವ ನಂಬದೆ ಕೆಸರಿನಲ್ಲಿ ಕಂಬವನ್ನು ಒಂದು ಸುತ್ತು ಹಾಕಿದರು. ಕಂಬದ ಹಿಂದೆ ಹೋದವರು ಸ್ವಲ್ಪ ಹೊತ್ತು ಬರಲೇ ಇಲ್ಲ. ಬಂದ ಮೇಲೆ ಕಾಲಿನ ಕೆಸರು ತೊಳೆದುಕೊಂಡರು.

ಗೆರೆ ಯಾರ ಜವಾಬ್ದಾರಿ? ಅವರದು. ನೋಟಿಸು ಬಂತು. ಅರ್ಧ ಇಂಚಿಗೂ ಜಗಳವಾಡುತ್ತಿದ್ದ ಮನುಷ್ಯ ಪುಟಗಟ್ಟಲೆ ಉತ್ತರ ಬರೆಯುತ್ತಾರೆ ಎಂದು ನಾನು ನಡುಗುತ್ತಿದ್ದೆ. ಅವರು ಬರೆದಿದ್ದು ಒಂದೇ ಸಾಲು: "ಗೆರೆಯ ಜವಾಬ್ದಾರಿ ನನ್ನದು, ತಪ್ಪಾಗಿದೆ." ಬರಬೇಕಾಗಿದ್ದ ಬಡ್ತಿ ಹೋಯಿತು. ಎಚ್.ಡಿ.ಕೋಟೆಯಾಚೆ, ಕಾಕನಕೋಟೆ ಕಾಡಿನ ಅಂಚಿಗೆ ವರ್ಗವಾಯಿತು. ಮನೆಯಲ್ಲಿ ಅವರ ತಾಯಿ ಹಾಸಿಗೆ ಹಿಡಿದಿದ್ದರು. ಅಕ್ಕ ಜೊತೆಗೆ ಹೋಗುವಂತಿರಲಿಲ್ಲ. ನಾಲ್ಕು ವರ್ಷ, ರಿಟೈರ್ ಆಗುವವರೆಗೆ, ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುವ ಸಂಸಾರ.

ಸೋಮವಾರ ಅವರನ್ನು ಹುಣಸೂರಿನ ಬಸ್‌ಸ್ಟ್ಯಾಂಡಿಗೆ ಬೈಕಿನಲ್ಲಿ ಬಿಡುವ ಕೆಲಸ ನಾನೇ ಕೇಳಿ ಪಡೆದುಕೊಂಡೆ. ಪ್ರಾಯಶ್ಚಿತ್ತ ಎಂದುಕೊಂಡೆ. ಅದೆಂಥ ಪ್ರಾಯಶ್ಚಿತ್ತ ಸ್ವಾಮಿ! ಪ್ರತಿ ಮೋರಿಗೂ "ನಿಲ್ಸು!" ಇಳಿದು ನೋಡಬೇಕು. ನಾಲ್ಕು ವರ್ಷದಲ್ಲಿ ಬಸ್ಸು ಸಿಕ್ಕಿದ್ದಕ್ಕಿಂತ ತಪ್ಪಿದ್ದೇ ಹೆಚ್ಚು. ಅವರಿಗೆ ದುಃಖವಿತ್ತೇ? ಮೊದಲ ವಾರವೇ ಬಂದು ನನ್ನ ಹೆಗಲು ಹಿಡಿದು ಅಲುಗಾಡಿಸಿದರು: "ಅಲ್ಲಿ ಡ್ಯಾಮಿನ ಹಿನ್ನೀರಲ್ಲಿ ನಿಜವಾದ ದೋಣಿ ಅವೆ ಕಣಯ್ಯ! ಮೋಟಾರ್ ದೋಣಿ! ಕಾಲಂಗೆ ಜಾಗ ಸಾಕಾಗ್ಲಿಲ್ಲ, ಎಕ್ಸ್‌ಟ್ರಾ ಹಾಳೆ ಅಂಟಿಸ್ದೆ!"

ಅಕ್ಕನಿಗೆ ಹಾಗಿರಲಿಲ್ಲ. ಅವರ ಚೀಲಕ್ಕೆ ರಾಗಿಹಿಟ್ಟು, ಚಟ್ನಿಪುಡಿ ತುಂಬಿ ಕಳಿಸಿ ನನಗೆ ರೊಟ್ಟಿ ಬಡಿಸುತ್ತಾ ಹೇಳುತ್ತಿದ್ದಳು: "ಅವ್ರ ಕೈ ಅಳತೆ ತಪ್ಪಾದಲ್ಲ ಕಣ್ಲಾ. ನಂಗೊತ್ತು. ಯಾವನೋ ಮಾಡವ್ನೆ. ಆ ಕೈ ಸೇದೋಗ!" ಆ ಕೈ ಅವಳ ಮುಂದೆಯೇ ರೊಟ್ಟಿ ಮುರಿಯುತ್ತಿತ್ತು. "ಇನ್ನೊಂದು ಆಕ್ಲಾ?" ಎನ್ನುತ್ತಿದ್ದಳು. ಬೇಡವೆಂದರೆ "ಯಾಕೆ, ಮೈ ಸರಿಯಿಲ್ವಾ?" ಬೇಕೆಂದರೆ ಮತ್ತೆ ಅದೇ ಶಾಪ. ಹೇಗೆ ತಪ್ಪಿಸಿಕೊಳ್ಳುವುದು?

ಹೇಳಿಬಿಡಬೇಕೆಂದು ನೂರು ಸಲ ಬಾಯಿ ತೆರೆದಿದ್ದೇನೆ. ಆಗೆಲ್ಲ ಭಾವ ಯಾವುದಾದರೂ ಮೋರಿ ತೋರಿಸಿ "ನಿಲ್ಸು!" ಎಂದಿದ್ದಾರೆ. ಇಪ್ಪತ್ತು ವರ್ಷ ಹೀಗೇ ಕಳೆಯಿತು. ಏರಿ ಮತ್ತೆ ಕಟ್ಟಿದರು, ಗೆರೆ ಮತ್ತೆ ಹಳೇ ಜಾಗಕ್ಕೆ ಬಂತು. ರಿಟೈರ್ ಆದ ಮೇಲೆ ಯಾರೂ ಹೇಳದಿದ್ದರೂ ಭಾವ ವರ್ಷಾವರ್ಷ ತಾವೇ ಹೊಳೆಗಿಳಿದು ಅದಕ್ಕೆ ಬಣ್ಣ ಬಳಿಯುತ್ತಾರೆ. ಇಲಾಖೆಯ ಹೊಸ ಹುಡುಗರು ಬೇಡ ಅನ್ನುವುದಿಲ್ಲ. ಅವರ ಕೆಲಸ ಅಷ್ಟು ಉಳಿಯಿತಲ್ಲ!

ಈ ಸಲ ಮೇ ತಿಂಗಳಲ್ಲಿ ಹೇಳಿಕಳಿಸಿದರು. ಮಂಡಿ ಕೈಕೊಟ್ಟಿದೆ, ಹೊಳೆಗಿಳಿಯಲಾಗುವುದಿಲ್ಲ, ನೀನು ಬಂದು ಬಳಿ ಎಂದು. ನನಗೇನು ಹದಿನೆಂಟೇ? ಎಪ್ಪತ್ತಾಗುತ್ತಾ ಬಂತು! ಗೊಣಗಿಕೊಂಡೇ ಹೋದೆ. ಭಾವ ದಡದ ಮೇಲೆ ಅದೇ ಸ್ಟೂಲು ಹಾಕಿಕೊಂಡು ಅದೇ ಕೊಡೆ ಹಿಡಿದು ಕುಳಿತಿದ್ದರು. ನಾನು ಪಂಚೆ ಎತ್ತಿಕಟ್ಟಿ ನೀರಿಗಿಳಿದೆ. ಮಾಸಿದ ಗೆರೆ ಕಾಣುತ್ತಿತ್ತು. ಡಬ್ಬಕ್ಕೆ ಬ್ರಷ್ಷು ಅದ್ದಿದೆ. ಹಿಂದಿನಿಂದ ಶುರುವಾಯಿತು.

"ಬ್ರಷ್ಷು ಜಾಸ್ತಿ ಅದ್ಬ್ಯಾಡ, ಸೋರ್ತದೆ!"

"ಗೊತ್ತು ಬಾವ."

"ಎಡಗಡೆಯಿಂದ ಎಳಿ!"

"ಗೊತ್ತು ಬಾವ!"

"ಕಂಬದ ಮುಂದ್ಗಡೆ ಮಾತ್ರ ಬಳಿ. ಹೋದ ಸಲದಂಗೆ ಸುತ್ತ ಬಳೀಬ್ಯಾಡ. ಅದು ಎತ್ತಿನ ಕೊಂಬಲ್ಲ."

ಕೈ ನಿಂತಿತು. ಹೊಳೆಯ ನೀರು ಕಾಲಿನ ಸುತ್ತ ಹರಿಯುವುದು ಮಾತ್ರ ತಿಳಿಯುತ್ತಿತ್ತು. ಹೋದ ಸಲ! ಇಪ್ಪತ್ತು ವರ್ಷದ ಹಿಂದಿನ ಹೋದ ಸಲ. ಸಂಕ್ರಾಂತಿಯ ರೂಢಿಯಲ್ಲಿ ನನ್ನ ಕೈ ಕಂಬಕ್ಕೆ ಉಂಗುರ ಹಾಕಿದಂತೆ ಸುತ್ತಲೂ ಬಳಿದಿತ್ತೆಂದು ನನಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ. ದಡದಿಂದ ಮುಂದಿನ ಮಗ್ಗುಲು ಮಾತ್ರ ತಾನೇ ಕಾಣುವುದು?

ತಿರುಗಿ ನೋಡಲು ಧೈರ್ಯವಾಗಲಿಲ್ಲ. ಕಂಬವನ್ನೇ ನೋಡಿಕೊಂಡು ಕೇಳಿದೆ: "ಬಾವ... ಅವತ್ತೇ ಗೊತ್ತಾಯ್ತಾ?"

"ಸರ್ಕಾರದ ಪೇಂಟು ಯಾವತ್ತಾದ್ರೂ ಕಂಬದ ಹಿಂದ್ಗಡೆ ಹೋಗ್ತದೇನಯ್ಯ? ಅಷ್ಟು ಪೇಂಟೇ ಕೊಡಾಕಿಲ್ಲ. ನಿನ್ನ ಎತ್ತಿನ ಕೊಂಬು ನಾನು ನೋಡಿಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ? ನಾಲ್ಕು ವರ್ಷ ಕಾಡಲ್ಲಿ... ಬಡ್ತಿ..."

ಸೇತುವೆಯ ಮೇಲೆ ಒಂದು ಬಸ್ಸು ಹೋಯಿತು. ಭಾವ ಅದು ದಾಟುವವರೆಗೂ ಕಿವಿಗೊಟ್ಟು ಕೇಳಿ, ಆಮೇಲೆ ಹೇಳಿದರು:

"ಹೇಳಿದ್ರೆ ನಿಮ್ಮಕ್ಕ ಯಾವ ದಡದಲ್ಲಿ ನಿಂತ್ಕಬೇಕಾಗಿತ್ತು?"

ಡಬ್ಬ ಎಲ್ಲಿ ಇಟ್ಟೆನೋ ಗೊತ್ತಿಲ್ಲ. ಕಂಬ ಹಿಡಿದುಕೊಂಡು ಅತ್ತೆ, ಎಪ್ಪತ್ತರ ಮುದುಕ, ಮೊಣಕಾಲುದ್ದ ನೀರಿನಲ್ಲಿ. ಸಂಜೆ ಅಕ್ಕನ ಮುಂದೆ ಕುಳಿತು ನಾನೇ ಹೇಳುತ್ತೇನೆ ಎಂದೆ. "ಹೇಳು. ಈಗ ಹೇಳ್ಬೋದು. ರೊಟ್ಟಿ ತಿಂದಾದ್ಮೇಲೆ ಹೇಳು," ಎಂದರು. ಕಣ್ಣು ಒರೆಸಿಕೊಂಡು ಬ್ರಷ್ಷು ಎತ್ತಿ, ಮುಂದಿನ ಮಗ್ಗುಲಿಗೆ ಮಾತ್ರ, ಎಡದಿಂದ ಬಲಕ್ಕೆ, ಉಸಿರು ಬಿಗಿಹಿಡಿದು ಗೆರೆ ಎಳೆದೆ. ಅಷ್ಟು ಜೋಪಾನವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಹಿಂದಿನಿಂದ ಸೀಟಿ ಕೇಳಿಸಿತು. ಪೀ...!

"ಬಲಗಡೆ ಅರ್ಧ ಇಂಚು ಮ್ಯಾಲೋಗದೆ. ಒರಸು. ಇನ್ನೊಂದ್ಸಲ ಬಳಿ."

ಒರೆಸಿದೆ.